ಶಿಷ್ಯವೇತನದ ಬೇಸಿಗೆ: ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಮಾರ್ಗದರ್ಶನದ ಸ್ವರೂಪ

ಕನ್ನಡದಲ್ಲಿ ‘ಶಿಷ್ಯವೇತನ’ ಎಂಬ ಪದ ರೂಢಿಯಲ್ಲಿದೆ. ‘ಗುರುವೇತನ’ ಎಂಬ ಪದವನ್ನು ಯಾರೂ ಬಳಸುವುದಿಲ್ಲ; ಗುರುವಿಗೆ ಸಲ್ಲುವುದು ದಕ್ಷಿಣೆ, ಇಲ್ಲವೇ ಸಂಬಳ. ಪ್ರಾಚೀನ ವ್ಯವಸ್ಥೆಯಲ್ಲಿ ಶಿಷ್ಯನೇ ಗುರುವಿಗೆ ದಕ್ಷಿಣೆ ಸಲ್ಲಿಸುತ್ತಿದ್ದನು. ಆಧುನಿಕ ವಿದ್ಯಾಲಯದಲ್ಲಿ ಅಧ್ಯಾಪಕನಿಗೆ ಸಂಬಳವುಂಟು, ವಿದ್ಯಾರ್ಥಿಗೆ ಶುಲ್ಕದ ಹೊರೆಯುಂಟು. ಕಾರ್ಖಾನೆಯ ತರಬೇತಿ ಶಾಲೆಯಲ್ಲಿ ಕಲಿಸುವವನಿಗೂ ಕಲಿಯುವವನಿಗೂ ಒಂದೇ ಖಜಾನೆಯಿಂದ ಹಣ ಸಂದಾಯವಾಗುತ್ತದೆ. 2005ರ ಬೇಸಿಗೆಯಲ್ಲಿ ಈ ಯಾವುದಕ್ಕೂ ಸೇರದ ಮತ್ತೊಂದು ವ್ಯವಸ್ಥೆ ಜಗತ್ತಿನ ತಂತ್ರಾಂಶ ವಲಯದಲ್ಲಿ ಕಾಣಿಸಿಕೊಂಡಿತು. ಅದರಲ್ಲಿ ಕಲಿಯುವವನಿಗೆ ಹಣ ದೊರೆಯುತ್ತದೆ, ಕಲಿಸುವವನಿಗೆ ದೊರೆಯುವುದಿಲ್ಲ. ‘ಗೂಗಲ್ ಸಮರ್ ಆಫ್ ಕೋಡ್’ ಎಂಬ ಹೆಸರಿನ ಈ ಕಾರ್ಯಕ್ರಮವನ್ನೂ ಅದರ ಮಾದರಿಯಲ್ಲಿ ಹುಟ್ಟಿದ ಇತರ ಯೋಜನೆಗಳನ್ನೂ ಮಾರ್ಗದರ್ಶಕನ ನೆಲೆಯಿಂದ, ಬೆಂಗಳೂರಿನ ದಂಡು ಪ್ರದೇಶ ಹಾಗೂ ಪೂರ್ವಭಾಗವನ್ನು ಹಿನ್ನೆಲೆಯಾಗಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಕನ್ನಡದ ಗಣಕ ಸೌಲಭ್ಯಗಳಲ್ಲಿ ಗಣನೀಯ ಪಾಲು ಇಂಥ ವೇತನರಹಿತ ಮಾರ್ಗದರ್ಶಕರ ಶ್ರಮವನ್ನು ಅವಲಂಬಿಸಿರುವುದರಿಂದ ಈ ವಿಷಯವು ಕೇವಲ ತಂತ್ರಜ್ಞರಿಗೆ ಸೀಮಿತವಾದುದಲ್ಲ.

ಮೊದಲು ಕಾರ್ಯಕ್ರಮದ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಉಪಾಹಾರ ಗೃಹಗಳಲ್ಲಿಯೋ ಅಂಗಡಿಗಳಲ್ಲಿಯೋ ದುಡಿದು ಕೈಖರ್ಚಿಗೆ ಸಂಪಾದಿಸುವುದು ವಾಡಿಕೆ. ಮೂರು ತಿಂಗಳು ಹೀಗೆ ಕಳೆದರೆ ಕಲಿತ ವಿದ್ಯೆ ಮಸುಕಾಗುತ್ತದೆ. ಅದರ ಬದಲು ಅದೇ ಮೊತ್ತವನ್ನು ಕೊಟ್ಟು ಅವರಿಂದ ಮುಕ್ತ ತಂತ್ರಾಂಶ ಬರೆಯಿಸಿದರೆ ಇಬ್ಬರಿಗೂ ಲಾಭ ಎಂಬುದು ಮೂಲ ಆಲೋಚನೆ. ಮೊದಲ ವರ್ಷ 40 ಸಂಸ್ಥೆಗಳು, ಸುಮಾರು 400 ವಿದ್ಯಾರ್ಥಿಗಳು ಪಾಲ್ಗೊಂಡರು. ಯಶಸ್ವಿಯಾದ ವಿದ್ಯಾರ್ಥಿಗೆ 4500 ಡಾಲರ್, ಅವನನ್ನು ನಡೆಸಿದ ಸಂಸ್ಥೆಗೆ 500 ಡಾಲರ್ ಎಂಬುದು ನಿಯಮವಾಗಿತ್ತು. ಎರಡು ದಶಕಗಳಲ್ಲಿ ಇದರ ಮೂಲಕ ಹಾದುಹೋದವರ ಸಂಖ್ಯೆ 20 ಸಾವಿರವನ್ನು ಮೀರಿದೆ. ಸಂಸ್ಥೆಗೆ ಬರುವ 500 ಡಾಲರನ್ನು ಬಹುತೇಕ ಸಂಸ್ಥೆಗಳು ತಮ್ಮ ಸಾಮಾನ್ಯ ನಿಧಿಗೆ ಸೇರಿಸುತ್ತವೆ. ಮಾರ್ಗದರ್ಶಕನಿಗೆ ಒಂದು ಅಂಗಿ, ಅದೃಷ್ಟವಿದ್ದರೆ ವರ್ಷಾಂತ್ಯದ ಮಾರ್ಗದರ್ಶಕರ ಸಮ್ಮೇಳನಕ್ಕೆ ಪ್ರಯಾಣದ ಅವಕಾಶ, ಇಷ್ಟೇ ಪ್ರತಿಫಲ.

ಕಾರ್ಯಕ್ರಮ ನಡೆಯುವ ಕ್ರಮ ಹೀಗಿದೆ. ವರ್ಷಾರಂಭದಲ್ಲಿ ಮುಕ್ತ ತಂತ್ರಾಂಶ ಸಂಸ್ಥೆಗಳು ತಮ್ಮಲ್ಲಿ ಆಗಬೇಕಾದ ಕೆಲಸಗಳ ಪಟ್ಟಿಯೊಡನೆ ಅರ್ಜಿ ಸಲ್ಲಿಸುತ್ತವೆ. ಆಯ್ಕೆಯಾದ ಸಂಸ್ಥೆಗಳಿಗೆ ಮಾರ್ಚ್-ಏಪ್ರಿಲ್ ವೇಳೆಗೆ ವಿದ್ಯಾರ್ಥಿಗಳು ತಮ್ಮ ಯೋಜನಾ ಪ್ರಸ್ತಾವಗಳನ್ನು ಕಳುಹಿಸುತ್ತಾರೆ. ಮಾರ್ಗದರ್ಶಕರು ಅವನ್ನು ಓದಿ, ಪ್ರಶ್ನಿಸಿ, ಶ್ರೇಣಿ ನೀಡುತ್ತಾರೆ. ಆಯ್ಕೆಯಾದವರು ಮೊದಲ ಕೆಲವು ವಾರ ಸಮುದಾಯದ ಪರಿಚಯ ಮಾಡಿಕೊಂಡು, ಬಳಿಕ ಸುಮಾರು ಹನ್ನೆರಡು ವಾರ ಕೆಲಸ ಮಾಡುತ್ತಾರೆ. ನಡುವೆ ಒಂದು, ಕೊನೆಗೆ ಒಂದು ಮೌಲ್ಯಮಾಪನ. ಎರಡರಲ್ಲಿಯೂ ಮಾರ್ಗದರ್ಶಕನು ‘ತೇರ್ಗಡೆ’ ಅಥವಾ ‘ಅನುತ್ತೀರ್ಣ’ ಎಂದು ಗುರುತು ಹಾಕಬೇಕು. ಆ ಗುರುತಿನ ಮೇಲೆ ಹಣದ ಕಂತು ಬಿಡುಗಡೆಯಾಗುತ್ತದೆ. ಕೆಲವು ವರ್ಷ ಮೌಲ್ಯಮಾಪನಗಳು ಮೂರು ಇದ್ದುದೂ ಉಂಟು. 2022ರಿಂದ ಪಾಲ್ಗೊಳ್ಳುವವರು ವಿದ್ಯಾರ್ಥಿಗಳೇ ಆಗಿರಬೇಕೆಂಬ ಷರತ್ತನ್ನು ಕೈಬಿಟ್ಟು, 18 ವರ್ಷ ತುಂಬಿದ ಹೊಸಬರೆಲ್ಲರಿಗೂ ಅವಕಾಶ ನೀಡಲಾಗಿದೆ.

ಬೆಂಗಳೂರಿನ ಪೂರ್ವಭಾಗಕ್ಕೆ ಶಿಷ್ಯವೇತನದ ಕಲ್ಪನೆ ಹೊಸದಲ್ಲ. 1809ರಲ್ಲಿ ದಂಡು ನೆಲೆಗೊಂಡಾಗಿನಿಂದ ಹಲಸೂರು, ಶಿವಾಜಿನಗರಗಳ ಸುತ್ತ ಕುಶಲಕರ್ಮಿಗಳ ಕೇರಿಗಳು ಬೆಳೆದವು. ಶಿವಾಜಿನಗರದ ವಾಹನ ದುರಸ್ತಿ ಅಂಗಡಿಗಳಲ್ಲಿ ಹಿರಿಯ ಕೆಲಸಗಾರನನ್ನು ‘ಉಸ್ತಾದ್’ ಎಂದು ಕರೆಯುವ ರೂಢಿಯಿದೆ. ಅಲ್ಲಿ ಹುಡುಗನಿಗೆ ಕಾಗದದ ಕರಾರಿಲ್ಲ. ದಿನದ ಬತ್ತ, ಊಟ, ಬೈಗುಳ, ಮತ್ತು ಕಣ್ಣಿನಿಂದ ಕಲಿಯುವ ಅವಕಾಶ. ಇನ್ನೊಂದು ಮಾದರಿ ಸಾರ್ವಜನಿಕ ಉದ್ಯಮಗಳದ್ದು. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಸಮೀಪದ ದೂರವಾಣಿನಗರದಲ್ಲಿ ನೆಲೆಗೊಂಡ ಐ.ಟಿ.ಐ., ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮುಂತಾದವುಗಳಿಂದ ಈ ಭಾಗದ ಮನೆಮನೆಗೂ ‘ಅಪ್ರೆಂಟಿಸ್’ ಎಂಬ ಪದ ಪರಿಚಿತವಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯು ತರಬೇತಿಯ ಕರಾರು, ಶಿಷ್ಯವೇತನ, ಕೆಲಸದ ಅವಧಿ ಇವೆಲ್ಲವನ್ನೂ ನಿಯಮಕ್ಕೆ ಒಳಪಡಿಸಿತು. ಕಲಿಸುವ ಹೊಣೆಯನ್ನು ಅದು ಉದ್ಯೋಗದಾತನ ಮೇಲೆ ಹೊರಿಸಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಯಂತ್ರದ ಪಕ್ಕದಲ್ಲಿ ನಿಂತು ಕಲಿಸುವ ಬೋಧಕನು ಆ ಕೆಲಸಕ್ಕಾಗಿಯೇ ಸಂಬಳ ಪಡೆಯುತ್ತಿದ್ದನು. ಕಲಿಸಿದ್ದರಿಂದ ಅವನ ರಾತ್ರಿಯ ನಿದ್ದೆಯೇನೂ ಕಡಿಮೆಯಾಗುತ್ತಿರಲಿಲ್ಲ.

ಮುಕ್ತ ತಂತ್ರಾಂಶದ ಮಾರ್ಗದರ್ಶಕನು ಉಸ್ತಾದನೂ ಅಲ್ಲ, ಬೋಧಕನೂ ಅಲ್ಲ. ಶಿಷ್ಯನನ್ನು ಅವನು ಕಣ್ಣಾರೆ ಕಂಡಿರುವುದಿಲ್ಲ. ಶಿಷ್ಯನ ದುಡಿಮೆಯಿಂದ ಅವನಿಗೆ ಲಾಭಾಂಶವಿಲ್ಲ. ಹಗಲು ಬೇರೊಂದು ಉದ್ಯೋಗ ಮಾಡಿ, ಉಳಿದ ಹೊತ್ತಿನಲ್ಲಿ ಅವನು ಈ ಕೆಲಸಕ್ಕೆ ಕೂರುತ್ತಾನೆ. ಹೀಗಿದ್ದೂ ಶಿಷ್ಯನಿಗೆ ಹಣ ಸಿಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಅಧಿಕಾರ ಅವನ ಕೈಯಲ್ಲಿಯೇ ಇದೆ. ಸಂಶೋಧನಾ ವಿದ್ಯಾರ್ಥಿಯ ‘ಗೈಡ್’ ಎಂಬ ಸ್ಥಾನ ಇದಕ್ಕೆ ಹತ್ತಿರವೆಂದು ತೋರಬಹುದು; ಆದರೆ ಗೈಡಿಗೆ ವಿಶ್ವವಿದ್ಯಾಲಯದ ಸಂಬಳವಿದೆ, ಮಾರ್ಗದರ್ಶನ ಮಾಡಿದವರ ಸಂಖ್ಯೆ ಬಡ್ತಿಗೂ ಒದಗುತ್ತದೆ.

ಸ್ಥಳದ ಬಗ್ಗೆ ಒಂದು ಸ್ಪಷ್ಟೀಕರಣ ಅಗತ್ಯ. ಗೂಗಲ್ ಸಂಸ್ಥೆ 2004ರಲ್ಲಿ ಬೆಂಗಳೂರಿಗೆ ಬಂದಿತು. ಅದರ ಕಚೇರಿಗಳಲ್ಲೊಂದು ಹಳೆ ಮದರಾಸು ರಸ್ತೆಯಲ್ಲಿ ಬೆನ್ನಿಗಾನಹಳ್ಳಿಯ ಬಳಿ, ಕೃಷ್ಣರಾಜಪುರದ ತೂಗುಸೇತುವೆಗೆ ಅನತಿದೂರದಲ್ಲಿ ನೆಲೆಗೊಂಡಿತು. ಆ ಸುತ್ತಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬೇಸಿಗೆಯ ಕಾರ್ಯಕ್ರಮವೂ ಆ ಕಟ್ಟಡದಿಂದಲೇ ನಡೆಯುತ್ತದೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅದನ್ನು ನಡೆಸುವುದು ಕ್ಯಾಲಿಫೋರ್ನಿಯದಲ್ಲಿರುವ ಮುಕ್ತ ಆಕರ ವಿಭಾಗ. ವಿದ್ಯಾರ್ಥಿ ಆ ಕಂಪನಿಯ ನೌಕರನೂ ಅಲ್ಲ, ಅಲ್ಲಿನ ತರಬೇತುದಾರನೂ ಅಲ್ಲ. ಅವನ ಸಂಬಂಧ ಇರುವುದು ತಾನು ಆರಿಸಿಕೊಂಡ ಸಂಸ್ಥೆಯೊಡನೆ, ಆ ಸಂಸ್ಥೆಯ ಯಾವನೋ ಒಬ್ಬ ಸ್ವಯಂಸೇವಕನೊಡನೆ. ಆ ಸ್ವಯಂಸೇವಕ ಪೋಲೆಂಡಿನಲ್ಲಿರಬಹುದು, ಬ್ರೆಜಿಲಿನಲ್ಲಿರಬಹುದು, ಇಂದಿರಾನಗರದ ಮುಂದಿನ ಅಡ್ಡರಸ್ತೆಯಲ್ಲಿಯೂ ಇರಬಹುದು.

ಮಾರ್ಗದರ್ಶಕರ ಒಂದು ಸ್ಥಳೀಯ ಪರಂಪರೆ ಬೆಂಗಳೂರಿನಲ್ಲಿ ಮೊದಲೇ ರೂಪುಗೊಂಡಿತ್ತೆಂಬುದು ನಿಜ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಆರಂಭವಾಗಿ 2005ರಿಂದ ‘ಫಾಸ್.ಇನ್’ ಎಂದು ಕರೆಯಲ್ಪಟ್ಟ ಸಮ್ಮೇಳನವು 2012ರ ತನಕ ನಡೆಯಿತು. ಅದರ ಪ್ರಮುಖ ರೂವಾರಿಗಳಲ್ಲಿ ಒಬ್ಬರಾಗಿದ್ದ ಅತುಲ್ ಚಿಟ್ನಿಸ್ 2013ರಲ್ಲಿ ನಿಧನರಾದರು. ಭಾರತೀಯರು ಮುಕ್ತ ತಂತ್ರಾಂಶವನ್ನು ಬಳಸುವುದರಲ್ಲಿ ಮುಂದು, ಬರೆದು ಕೊಡುವುದರಲ್ಲಿ ಹಿಂದು ಎಂಬ ಟೀಕೆ ಆ ವೇದಿಕೆಯಲ್ಲಿ ಮತ್ತೆ ಮತ್ತೆ ಕೇಳಿಬಂದಿತು. ಬರಬರುತ್ತಾ ಭಾಷಣಗಳನ್ನು ಕಡಿಮೆ ಮಾಡಿ, ಒಟ್ಟಿಗೆ ಕುಳಿತು ಕೆಲಸ ಮಾಡುವ ಗೋಷ್ಠಿಗಳಿಗೆ ಅಲ್ಲಿ ಹೆಚ್ಚು ಅವಕಾಶ ಕಲ್ಪಿಸಲಾಯಿತು. 2011ರ ಮಾರ್ಚ್ ತಿಂಗಳಲ್ಲಿ ಕೆ.ಡಿ.ಇ. ಸಮುದಾಯದ ಸಮ್ಮೇಳನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ, ಏಪ್ರಿಲ್ ಮೊದಲ ವಾರದಲ್ಲಿ ಗ್ನೋಮ್ ಸಮುದಾಯದ ಏಷ್ಯಾ ಸಮ್ಮೇಳನ ದಯಾನಂದ ಸಾಗರ ವಿದ್ಯಾಸಂಸ್ಥೆಯಲ್ಲಿಯೂ ನಡೆದವು. ಆ ವರ್ಷದ ಬೇಸಿಗೆ ಪ್ರಸ್ತಾವಗಳಿಗೂ ಅದೇ ಕಾಲ. ಮಿಂಚಂಚೆಯಲ್ಲಿ ಮಾತ್ರ ಕಂಡಿದ್ದ ಹೆಸರುಗಳನ್ನು ನಗರದ ವಿದ್ಯಾರ್ಥಿಗಳು ಮುಖತಃ ಕಂಡದ್ದು ಆಗ. ಎರಡೂ ಸ್ಥಳಗಳು ನಗರದ ನೈಋತ್ಯ ಮತ್ತು ದಕ್ಷಿಣ ಭಾಗದಲ್ಲಿದ್ದವು. ಕೃಷ್ಣರಾಜಪುರದ ವಿದ್ಯಾರ್ಥಿಗೆ ಅವು ಎರಡು ಬಸ್ಸುಗಳ ದೂರ.

ಪೂರ್ವಭಾಗದಲ್ಲಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಇಂದಿರಾನಗರ-ದೊಮ್ಮಲೂರು ಪರಿಸರ. 2008ರಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಕೆಲಕಾಲದ ನಂತರ ದೊಮ್ಮಲೂರಿಗೆ ಬಂದಿತು. ಕನ್ನಡ ವಿಕಿಪೀಡಿಯ ಸಂಪಾದಕರೂ ತಂತ್ರಜ್ಞರೂ ಸೇರುವ ತಾಣವಾಗಿ ಅದು ಪರಿಚಿತವಾಯಿತು. ಮಾರ್ಗದರ್ಶನ ನಡೆಯುವುದು ಜಾಲದಲ್ಲಿಯೇ ಆದರೂ, ಒಮ್ಮೆ ಎದುರು ಕುಳಿತು ಚಹಾ ಕುಡಿದವರ ನಡುವೆ ಮುಂದಿನ ಪತ್ರವ್ಯವಹಾರ ಸುಲಭವಾಗುತ್ತದೆ.

ಈಗ ಮಾರ್ಗದರ್ಶನ ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆಗೆ ಬರಬಹುದು. ಕ್ರಮವಿಧಿ ರಚನೆಯ ಪಾಠ ಹೇಳುವುದು ಇದರಲ್ಲಿ ಅತ್ಯಲ್ಪ ಭಾಗ. ಕೆಲಸದ ಗಾತ್ರವನ್ನು ಹನ್ನೆರಡು ವಾರಕ್ಕೆ ಕತ್ತರಿಸಿ ಕೊಡುವುದೇ ಮಾರ್ಗದರ್ಶಕನ ಮೊದಲನೆಯ ಮತ್ತು ಅತ್ಯಂತ ಕಷ್ಟದ ಕರ್ತವ್ಯ. ಕನ್ನಡದಿಂದಲೇ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ‘ಕನ್ನಡಕ್ಕೊಂದು ಕಾಗುಣಿತ ಪರೀಕ್ಷಕ’ ಎಂದು ಯಾರಾದರೂ ಕೆಲಸಗಳ ಪಟ್ಟಿಯಲ್ಲಿ ಬರೆದರೆ ಅದು ಯೋಜನೆಯಲ್ಲ, ಆಶಯ. ಇಂಗ್ಲಿಷಿನಲ್ಲಿ ಪದಪಟ್ಟಿಯೊಂದನ್ನು ಇಟ್ಟುಕೊಂಡು ಹೋಲಿಸಿದರೆ ಬಹಳಷ್ಟು ಕೆಲಸ ನಡೆಯುತ್ತದೆ. ಕನ್ನಡದಲ್ಲಿ ‘ಮನೆಯಲ್ಲಿದ್ದವರಿಗೂ’ ಎಂಬಂಥ ರೂಪ ಯಾವ ಪದಪಟ್ಟಿಯಲ್ಲಿಯೂ ಸಿಗದು; ಪ್ರಕೃತಿ, ಪ್ರತ್ಯಯಗಳನ್ನು ಬಿಡಿಸಿ ನೋಡಬೇಕು. ಆದುದರಿಂದ ಅನುಭವಿ ಮಾರ್ಗದರ್ಶಕನು ಯೋಜನೆಯನ್ನು ‘ನಾಮಪದಗಳ ವಿಭಕ್ತಿ ರೂಪಗಳು ಮಾತ್ರ, ಕ್ರಿಯಾಪದ ಬೇಡ’ ಎಂದು ಕಿರಿದುಗೊಳಿಸುತ್ತಾನೆ.

ಅಷ್ಟಕ್ಕೆ ಇಳಿಸಿದ ಮೇಲೂ ತೊಡಕು ತಪ್ಪುವುದಿಲ್ಲ. ‘ಗುರು’, ‘ಊರು’ ಎರಡೂ ಉಕಾರಾಂತ ಪದಗಳು. ವಿದ್ಯಾರ್ಥಿ ಎರಡಕ್ಕೂ ಒಂದೇ ನಿಯಮ ಬರೆಯುತ್ತಾನೆ. ಆದರೆ ಚತುರ್ಥಿಯಲ್ಲಿ ಒಂದು ‘ಗುರುವಿಗೆ’ ಎಂದೂ ಇನ್ನೊಂದು ‘ಊರಿಗೆ’ ಎಂದೂ ಆಗುತ್ತದೆ. ಒಂದರಲ್ಲಿ ಉಕಾರ ನಿಲ್ಲುತ್ತದೆ, ಮತ್ತೊಂದರಲ್ಲಿ ಲೋಪವಾಗುತ್ತದೆ. ಮೊದಲ ಅಕ್ಷರದ ಹ್ರಸ್ವ-ದೀರ್ಘಗಳಿಗೂ ಈ ವ್ಯತ್ಯಾಸಕ್ಕೂ ನಂಟಿದೆ. ಕೇಶಿರಾಜನ ಕಾಲದಿಂದಲೂ ವೈಯಾಕರಣರು ಸಂಧಿಯ ಪ್ರಕರಣದಲ್ಲಿ ಹೆಣಗಿರುವ ವಿಷಯವನ್ನು ಮೂರನೆಯ ಸೆಮಿಸ್ಟರಿನ ಹುಡುಗ ಜುಲೈ ತಿಂಗಳಲ್ಲಿ ಎದುರಿಸುತ್ತಾನೆ. ಅವನಿಗೆ ಗಣಕ ಗೊತ್ತು, ವ್ಯಾಕರಣ ಗೊತ್ತಿಲ್ಲ. ಅವನು ಕನ್ನಡಿಗನೇ ಆಗಿರಬೇಕೆಂದೂ ಇಲ್ಲ. ಇಲ್ಲಿ ಮಾರ್ಗದರ್ಶಕನು ಉತ್ತರವನ್ನು ತಾನೇ ಬರೆದುಕೊಟ್ಟರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ‘ಹಸು’, ‘ಕಾಡು’, ‘ನಾಡು’, ‘ಮಡು’ ಎಂಬ ಪದಗಳನ್ನು ಕೊಟ್ಟು, ಇವುಗಳ ರೂಪಗಳನ್ನು ಬರೆದು ನೋಡು ಎಂದರೆ ಮೂರು ದಿನ ಹಿಡಿಯುತ್ತದೆ. ಎರಡನೆಯ ದಾರಿಯನ್ನು ಆರಿಸುವವರೇ ಮಾರ್ಗದರ್ಶಕರೆಂಬುದು ಈ ಲೇಖಕನ ಅಭಿಪ್ರಾಯ. ಆದರೆ ಮೂರು ದಿನ ಕಾಯುವ ತಾಳ್ಮೆಗೆ ಮೌಲ್ಯಮಾಪನದ ದಿನಾಂಕ ಯಾವಾಗಲೂ ಎಡೆಗೊಡುವುದಿಲ್ಲ.

ಅಕ್ಷರ ಮೂಡುವ ಮಟ್ಟದಲ್ಲಿಯೂ ಇಂಥ ತಿಳಿವಳಿಕೆಯೇ ಬೇಕು. ‘ಸೂರ್ಯ’ದಲ್ಲಿ ರಕಾರವು ಅರ್ಕಾವೊತ್ತಾಗಿ ಬರುತ್ತದೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಪೂರ್ಣರೂಪದಲ್ಲಿ ನಿಂತು, ಯಕಾರ ಒತ್ತಾಗಬೇಕು. ಯೂನಿಕೋಡ್ ಸಂಕೇತದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಮಾತ್ರ. ಕೀಲಿಮಣೆಯ ತಂತ್ರಾಂಶ ಬರೆಯುವ ವಿದ್ಯಾರ್ಥಿ ಆ ಚಿಹ್ನೆಯನ್ನು ಅನಾವಶ್ಯಕ ಕಸವೆಂದು ಭಾವಿಸಿ ಅಳಿಸಿಹಾಕಿದರೆ ಸಾವಿರಾರು ಓದುಗರ ಪರದೆಯ ಮೇಲೆ ಪದಗಳು ಕೆಡುತ್ತವೆ. ಅವನು ಕಳುಹಿಸಿದ ‘ಪ್ಯಾಚ್’, ಅಂದರೆ ತಿದ್ದುಪಡಿಯ ತುಣುಕನ್ನು ಸಾಲುಸಾಲಾಗಿ ಓದಿ, ಈ ಸಾಲು ಬೇಡ, ಏಕೆಂದರೆ ಹೀಗೆ, ಎಂದು ಬರೆಯುವುದೇ ಮಾರ್ಗದರ್ಶಕನ ದಿನನಿತ್ಯದ ಕೆಲಸ. ಆ ‘ಏಕೆಂದರೆ’ಯನ್ನು ಬಿಟ್ಟು ತಿರಸ್ಕಾರವನ್ನಷ್ಟೇ ತಿಳಿಸುವ ಪರಿಶೀಲಕರೂ ಇಲ್ಲದಿಲ್ಲ. ಅಂಥವರ ಕೈಗೆ ಸಿಕ್ಕ ವಿದ್ಯಾರ್ಥಿ ಹಣ ಪಡೆದು ಹೊರಟುಹೋಗುತ್ತಾನೆ.

ಭಾರತೀಯ ಭಾಷೆಗಳಿಗೆ ಈ ಬೇಸಿಗೆಗಳಿಂದ ಪ್ರಯೋಜನವಾದ ಸಂದರ್ಭಗಳಿವೆ. ನೆರೆಯ ಕೇರಳದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ 2007ರಲ್ಲಿಯೇ ಮಾರ್ಗದರ್ಶಕ ಸಂಸ್ಥೆಯಾಗಿ ಆಯ್ಕೆಗೊಂಡಿತ್ತು, 2013ರಲ್ಲಿ ಮತ್ತೊಮ್ಮೆ ಪಾಲ್ಗೊಂಡಿತು. ಕನ್ನಡಕ್ಕೆ ಸಂಬಂಧಿಸಿದ ಕೆಲಸ ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳ ಆಶ್ರಯದಲ್ಲಿ ನಡೆಯಿತು. ವಿಕಿಪೀಡಿಯದಲ್ಲಿ ಕನ್ನಡ ಟೈಪಿಸಲು ಒದಗಿಬಂದ ‘ಜೆಕ್ವೆರಿ ಐ.ಎಂ.ಇ.’ ಎಂಬ ತಂತ್ರಾಂಶವನ್ನು ಫೈರ್‌ಫಾಕ್ಸ್ ಮತ್ತು ಕ್ರೋಮ್ ಜಾಲದರ್ಶಕಗಳಿಗೆ ವಿಸ್ತರಿಸುವ ಯೋಜನೆಯನ್ನು 2013ರ ಬೇಸಿಗೆಯಲ್ಲಿ ವಿಕಿಮೀಡಿಯದ ಅಡಿಯಲ್ಲಿ ಕೈಗೊಳ್ಳಲಾಯಿತು. ಒಂದು ಭಾಷೆಗೆ ಮಾಡಿದ ಕೆಲಸ ಹತ್ತಾರು ಭಾಷೆಗಳಿಗೆ ಒಟ್ಟಿಗೆ ದಕ್ಕುವುದು ಇಂಥ ಯೋಜನೆಗಳ ಲಾಭ. ಆದರೆ ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳು ಪಟ್ಟಿಯ ಕೊನೆಗೆ ಸರಿಯುತ್ತವೆ. ಅವನ್ನು ಮೇಲಕ್ಕೆ ತರಲು ಆ ಸಂಸ್ಥೆಯೊಳಗೆ ಕನ್ನಡ ಬಲ್ಲ ಮಾರ್ಗದರ್ಶಕನಿರಬೇಕು.

ವಿಕಿಮೀಡಿಯದ ವಿಷಯದಲ್ಲಿ ಕನ್ನಡಿಗರಿಗೆ ಆಸಕ್ತಿ ಹುಟ್ಟಿಸುವ ಒಂದು ಸಂಗತಿಯಿದೆ. 1980ರ ದಶಕದಲ್ಲಿ ಅಮೆರಿಕದಿಂದ ‘ಅಮೆರಿಕನ್ನಡ’ ಪತ್ರಿಕೆಯನ್ನು ನಡೆಸಿದ ಶಿಕಾರಿಪುರ ಹರಿಹರೇಶ್ವರ ಮತ್ತು ನಾಗಲಕ್ಷ್ಮಿ ಹರಿಹರೇಶ್ವರ ದಂಪತಿಗಳನ್ನು ನಮ್ಮ ಸಾಹಿತ್ಯಲೋಕ ಬಲ್ಲದು. ಅವರ ಮಗಳು ಸುಮನಾ ಹರಿಹರೇಶ್ವರ 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ಪರವಾಗಿ ಈ ಬೇಸಿಗೆ ಕಾರ್ಯಕ್ರಮದ ಆಡಳಿತವನ್ನು ನೋಡಿಕೊಂಡರು. ಸಂಸ್ಥೆಯ ಆಡಳಿತಗಾರರ ಈ ಸ್ಥಾನ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಮಾರ್ಗದರ್ಶಕನು ಎರಡು ವಾರ ಉತ್ತರಿಸದಿದ್ದರೆ ವಿಚಾರಿಸುವವರು, ವಿದ್ಯಾರ್ಥಿ ಮೌನಕ್ಕೆ ಜಾರಿದರೆ ಕಾರಣ ಕೇಳುವವರು, ಇಬ್ಬರ ನಡುವೆ ವಿರಸ ಬಂದರೆ ಮೂರನೆಯವರಾಗಿ ಕೂರುವವರು ಆಡಳಿತಗಾರರೇ. ಪ್ರತಿ ಯೋಜನೆಗೂ ಇಬ್ಬರು ಮಾರ್ಗದರ್ಶಕರಿರಬೇಕೆಂಬ ನಿಯಮವನ್ನು ಅದೇ ಸಂಸ್ಥೆ ಮುಂದೆ ರೂಢಿಗೆ ತಂದಿತು. ಒಬ್ಬನ ಮನೆಯಲ್ಲಿ ಮದುವೆ, ಕಾಯಿಲೆ, ಉದ್ಯೋಗದ ಬದಲಾವಣೆ ಏನಾದರೂ ಬಂದರೆ ಇನ್ನೊಬ್ಬನಿರಲಿ ಎಂಬುದು ಇದರ ಹಿಂದಿನ ವಿವೇಕ.

ಹಣದ ವಿಚಾರವನ್ನು ಇಲ್ಲಿ ಸಂಕೋಚವಿಲ್ಲದೆ ಚರ್ಚಿಸಬೇಕು. 2005ರ ವಿನಿಮಯ ದರದಲ್ಲಿ 4500 ಡಾಲರ್ ಎಂದರೆ ಹತ್ತಿರಹತ್ತಿರ ಎರಡು ಲಕ್ಷ ರೂಪಾಯಿ. 2016ರ ಹೊತ್ತಿಗೆ ಮೊತ್ತ 5500 ಡಾಲರಿಗೆ ಏರಿದಾಗ ಅದು ಮೂರೂವರೆ ಲಕ್ಷ ರೂಪಾಯಿಗಳನ್ನು ದಾಟಿತು. ಅಲ್ಲಿಯತನಕ ಎಲ್ಲ ದೇಶದವರಿಗೂ ಒಂದೇ ಮೊತ್ತ. 2017ರಲ್ಲಿ ಆಯಾ ದೇಶದ ಕೊಳ್ಳುವ ಶಕ್ತಿಗೆ ಅನುಗುಣವಾಗಿ ಮೊತ್ತವನ್ನು 2400ರಿಂದ 6600 ಡಾಲರುಗಳವರೆಗೆ ವಿಂಗಡಿಸಲಾಯಿತು. ಭಾರತದ ವಿದ್ಯಾರ್ಥಿಗೆ ಕೆಳತುದಿಯ 2400 ಡಾಲರ್ ನಿಗದಿಯಾಯಿತು. ಕೆಲವು ವರ್ಷಗಳ ಬಳಿಕ ಅದು 3000ಕ್ಕೆ ಏರಿತು. 2022ರಿಂದ ಆ ಮೊತ್ತ 350 ಗಂಟೆಗಳ ದೊಡ್ಡ ಯೋಜನೆಗೆ, 175 ಗಂಟೆಗಳ ಯೋಜನೆಗೆ ಅದರ ಅರ್ಧ. ಬಾಡಿಗೆ, ಊಟಗಳ ಲೆಕ್ಕದಲ್ಲಿ ಈ ವಿಂಗಡಣೆಗೆ ಸಮರ್ಥನೆ ಇರಬಹುದು. ಆದರೆ ಗಣಕಯಂತ್ರ ಕೃಷ್ಣರಾಜಪುರದಲ್ಲಿ ಕ್ಯಾಲಿಫೋರ್ನಿಯಕ್ಕಿಂತ ಅಗ್ಗವಾಗಿ ಸಿಗುವುದಿಲ್ಲ, ಮತ್ತು ಎರಡೂ ಕಡೆಯ ಕೆಲಸವನ್ನು ಅಳೆಯುವ ಅಳತೆಗೋಲು ಒಂದೇ.

ಇನ್ನೊಂದು ಮುಖವನ್ನೂ ಹೇಳಬೇಕು. ಹೊಸ ಪದವೀಧರನ ವಾರ್ಷಿಕ ಸಂಬಳಕ್ಕೆ ಸಮೀಪವಾದ ಮೊತ್ತ ಮೂರು ತಿಂಗಳಿಗೆ ದೊರೆಯುವಾಗ ಕೆಲಸದ ಮೇಲಿನ ಪ್ರೀತಿಗಿಂತ ಮೊತ್ತದ ಆಕರ್ಷಣೆ ಮುಂದಾಗುವುದು ಸಹಜ. ನಕಲು ಪ್ರಸ್ತಾವಗಳು, ಒಂದೇ ಪತ್ರವನ್ನು ಹತ್ತು ಸಂಸ್ಥೆಗಳಿಗೆ ಕಳುಹಿಸುವ ಪರಿಪಾಠ ಹೆಚ್ಚಿದ್ದರಿಂದ ಮಾರ್ಗದರ್ಶಕರ ಮಾರ್ಚ್-ಏಪ್ರಿಲ್ ತಿಂಗಳುಗಳು ಜೊಳ್ಳನ್ನು ತೂರುವುದರಲ್ಲಿಯೇ ಕಳೆಯುತ್ತಿದ್ದವು. ಯಂತ್ರವೇ ಪ್ರಸ್ತಾವ ಬರೆದುಕೊಡುವ ಈಚಿನ ವರ್ಷಗಳಲ್ಲಿ ಈ ಹೊರೆ ಇನ್ನಷ್ಟು ಹೆಚ್ಚಿದೆ. ಹಿಂದೆ ಕೆಟ್ಟ ಇಂಗ್ಲಿಷಿನಲ್ಲಿ ಬರೆದ ಪ್ರಸ್ತಾವದಲ್ಲಿ ಹುಡುಗನ ನಿಜವಾದ ಆಸಕ್ತಿ ಎದ್ದು ಕಾಣುತ್ತಿತ್ತು. ಈಗ ಎಲ್ಲ ಪ್ರಸ್ತಾವಗಳೂ ಒಂದೇ ನುಣುಪಿನಲ್ಲಿ ಬರುತ್ತವೆ. ಆದುದರಿಂದ ಬಹಳಷ್ಟು ಸಂಸ್ಥೆಗಳು ಪ್ರಸ್ತಾವಕ್ಕೆ ಮುನ್ನವೇ ಒಂದು ಸಣ್ಣ ದೋಷವನ್ನು ಸರಿಪಡಿಸಿ ತೋರಿಸಬೇಕೆಂದು ಕೇಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಈ ಕ್ರಮ ಪ್ರಬಂಧ ಬರೆಯುವುದಕ್ಕಿಂತ ಅನುಕೂಲಕರವೆಂದೇ ಹೇಳಬೇಕು.

ಅನುತ್ತೀರ್ಣಗೊಳಿಸುವ ಪ್ರಸಂಗವೇ ಮಾರ್ಗದರ್ಶಕನಿಗೆ ಎದುರಾಗುವ ನೈತಿಕ ಇಕ್ಕಟ್ಟು. ವಿದ್ಯಾರ್ಥಿ ಪ್ರಾಮಾಣಿಕವಾಗಿ ದುಡಿದಿದ್ದಾನೆ, ಆದರೆ ಕೆಲಸ ಅರ್ಧಕ್ಕೆ ನಿಂತಿದೆ. ಅವನ ಮನೆಯಲ್ಲಿ ಮುಂದಿನ ವರ್ಷದ ಕಾಲೇಜು ಶುಲ್ಕವನ್ನು ಈ ಹಣದ ಮೇಲೆ ಲೆಕ್ಕಹಾಕಿದ್ದಾರೆ. ಒಂದು ಗುರುತಿನಿಂದ ಅದು ತಪ್ಪುತ್ತದೆ. ಅನುಕಂಪದಿಂದ ತೇರ್ಗಡೆ ಮಾಡಿದರೆ ಸಂಸ್ಥೆಗೆ ನಿರುಪಯುಕ್ತ ಸಂಕೇತ ಉಳಿಯುತ್ತದೆ, ಪೂರ್ಣ ದುಡಿದ ಮತ್ತೊಬ್ಬನಿಗೆ ಅನ್ಯಾಯವಾಗುತ್ತದೆ. 2009ರಲ್ಲಿ ಮಾರ್ಗದರ್ಶಕರೇ ಕೂಡಿ ರಚಿಸಿದ ಕೈಪಿಡಿಯೊಂದು ಇಂಥ ಪ್ರಶ್ನೆಗಳನ್ನು ಚರ್ಚೆಗೆ ಎತ್ತಿಕೊಂಡಿದೆ. ಅನುಭವಿಗಳ ನಡುವೆ ಬೆಳೆದುಬಂದ ಒಮ್ಮತವೆಂದರೆ ಅನುತ್ತೀರ್ಣತೆ ವಿದ್ಯಾರ್ಥಿಗೆ ಅನಿರೀಕ್ಷಿತವಾಗಿ ಬರಬಾರದು ಎಂಬುದು. ಮೂರನೆಯ ವಾರದಲ್ಲಿಯೇ ‘ಹೀಗೆ ಹೋದರೆ ಮುಗಿಯದು’ ಎಂದು ಹೇಳಬೇಕಾಗುತ್ತದೆ. ನಮ್ಮ ಕಡೆಯ ಮಾರ್ಗದರ್ಶಕರಿಗೆ ಇದು ಸ್ವಭಾವಕ್ಕೆ ಒಗ್ಗದ ಕೆಲಸ; ಮುಖ ಮುರಿಯುವಂತೆ ಮಾತನಾಡಬಾರದೆಂಬ ಸಂಸ್ಕಾರ ಅಡ್ಡಬರುತ್ತದೆ. ಇತ್ತ ವಿದ್ಯಾರ್ಥಿಯೂ ‘ಸರ್’ ಎಂದು ಸಂಬೋಧಿಸಿ, ಗೊತ್ತಾಗದಿದ್ದರೂ ‘ಆಯಿತು ಸರ್’ ಎಂದು ಬರೆದು ಸುಮ್ಮನಾಗುತ್ತಾನೆ. ಆ ‘ಸರ್’ ಎಂಬ ಸಂಬೋಧನೆಯನ್ನು ಬಿಡಿಸಿ ಹೆಸರು ಹಿಡಿದು ಕರೆಯಿಸುವುದಕ್ಕೇ ಮೊದಲ ತಿಂಗಳು ಬೇಕಾಗುವುದುಂಟು. ಪ್ರಶ್ನೆ ಕೇಳುವುದು ಅವಿಧೇಯತೆಯಲ್ಲವೆಂದು ತಿಳಿಯುವವರೆಗೆ ವಿದ್ಯಾರ್ಥಿಯ ತೊಂದರೆಗಳು ಮಾರ್ಗದರ್ಶಕನನ್ನು ತಲುಪುವುದೇ ಇಲ್ಲ.

ಕಾಲಮಾನದ ವೈಷಮ್ಯ ಇನ್ನೊಂದು ತೊಡಕು. ಕಾರ್ಯಕ್ರಮದ ‘ಬೇಸಿಗೆ’ ಅಮೆರಿಕ, ಯೂರೋಪುಗಳ ಜೂನ್-ಆಗಸ್ಟ್. ನಮಗೆ ಅದು ಮುಂಗಾರು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜುಗಳಲ್ಲಿ ಸಮಸಂಖ್ಯೆಯ ಸೆಮಿಸ್ಟರಿನ ಪರೀಕ್ಷೆಗಳು ಸಾಮಾನ್ಯವಾಗಿ ಜೂನ್-ಜುಲೈ ತಿಂಗಳುಗಳಲ್ಲಿ ಬರುತ್ತವೆ. ಕೆಲಸ ಬಿರುಸಾಗಬೇಕಾದ ವಾರಗಳಲ್ಲಿಯೇ ವಿದ್ಯಾರ್ಥಿ ಪ್ರಯೋಗಾಲಯದ ದಾಖಲೆ ಪುಸ್ತಕ ಬರೆಯುತ್ತಿರುತ್ತಾನೆ. ಬರ್ಲಿನ್ನಿನ ಮಾರ್ಗದರ್ಶಕನಿಗೆ ಇದು ತಿಳಿದಿರುವುದಿಲ್ಲ. ಹುಡುಗ ಹೇಳಿರುವುದೂ ಇಲ್ಲ. ಪರೀಕ್ಷಾ ವೇಳಾಪಟ್ಟಿಯನ್ನು ಪ್ರಸ್ತಾವದಲ್ಲಿಯೇ ನಮೂದಿಸಬೇಕೆಂದು ಒತ್ತಾಯಿಸುವ ಮಾರ್ಗದರ್ಶಕ ಸ್ಥಳೀಯನಾಗಿದ್ದರೆ ಮಾತ್ರ ಈ ಗಂಡಾಂತರ ತಪ್ಪುತ್ತದೆ. 2022ರಿಂದ ಅವಧಿಯನ್ನು 22 ವಾರಗಳವರೆಗೂ ವಿಸ್ತರಿಸಿಕೊಳ್ಳುವ ಅವಕಾಶ ಬಂದುದು ನಮ್ಮ ವಿದ್ಯಾರ್ಥಿಗಳಿಗೆ ಮೊತ್ತದ ಏರಿಕೆಗಿಂತ ದೊಡ್ಡ ಉಪಕಾರ. ಗಡಿಯಾರದ ವ್ಯತ್ಯಾಸವೂ ಇದಕ್ಕೆ ಕೂಡಿಕೊಳ್ಳುತ್ತದೆ: ಇಲ್ಲಿ ರಾತ್ರಿ ಒಂಬತ್ತಾದಾಗ ಕ್ಯಾಲಿಫೋರ್ನಿಯದಲ್ಲಿ ಬೆಳಿಗ್ಗೆ ಎಂಟೂವರೆ. ಬಿ.ಎಸ್.ಎನ್.ಎಲ್. ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ್ದು 2005ರ ಜನವರಿಯಲ್ಲಿ, ಅಂದರೆ ಮೊದಲ ಬೇಸಿಗೆ ಕಾರ್ಯಕ್ರಮಕ್ಕೆ ಕೆಲವೇ ತಿಂಗಳು ಮುನ್ನ. ಆ ಕಾಲದ ಹಾಸ್ಟೆಲ್ ವಿದ್ಯಾರ್ಥಿಗೆ ರಾತ್ರಿಯ ಸಂವಾದವೆಂದರೆ ಸೈಬರ್ ಕೆಫೆಯ ಬಾಗಿಲು ಮುಚ್ಚುವ ಹೊತ್ತಿನೊಡನೆ ಸ್ಪರ್ಧೆ.

ಯಾರಿಗೆ ಈ ಬಾಗಿಲು ತೆರೆದಿದೆ ಎಂಬ ಪ್ರಶ್ನೆಯೂ ಬಹಳ ಬೇಗ ಎದ್ದಿತು. 2006ರಲ್ಲಿ ಗ್ನೋಮ್ ಸಂಸ್ಥೆಗೆ ಬಂದ 181 ಅರ್ಜಿಗಳಲ್ಲಿ ಮಹಿಳೆಯರದು ಒಂದೂ ಇರಲಿಲ್ಲ. ಅದೇ ವರ್ಷ ಅದು ಮಹಿಳೆಯರಿಗಾಗಿ ಪ್ರತ್ಯೇಕ ಬೇಸಿಗೆ ಯೋಜನೆಯನ್ನು ಕೈಗೊಂಡಿತು. ಅದು 2010ರಲ್ಲಿ ಪುನರಾರಂಭವಾಗಿ, ‘ಔಟ್‌ರೀಚಿ’ ಎಂಬ ಹೆಸರಿನಲ್ಲಿ ಮುಂದುವರಿಯಿತು. ವರ್ಷಕ್ಕೆ ಎರಡು ಆವೃತ್ತಿಗಳನ್ನು ನಡೆಸಿದ್ದರಿಂದ ಡಿಸೆಂಬರಿನ ಆವೃತ್ತಿ ನಮ್ಮ ಪರೀಕ್ಷೆಗಳ ಹಿಡಿತದಿಂದ ಸ್ವಲ್ಪ ದೂರವುಳಿಯಿತು. ಶಿಷ್ಯವೇತನದಲ್ಲಿ ಅದು ದೇಶಭೇದ ಮಾಡಲಿಲ್ಲ. ಅರ್ಜಿಯ ಹಂತದಲ್ಲಿಯೇ ಮಾರ್ಗದರ್ಶಕರೊಡನೆ ಒಂದು ನೈಜ ಕೆಲಸವನ್ನು ಮಾಡಿ ಮುಗಿಸಬೇಕೆಂಬ ನಿಯಮವನ್ನೂ ಇಟ್ಟಿತು. ಹಗಲು ಹೊತ್ತಿನ ಗೋಷ್ಠಿಗೂ ಮನೆಯವರ ಅನುಮತಿ ಕೇಳಬೇಕಾದ ಮನೆಗಳಿರುವ ಊರಿನಲ್ಲಿ, ರಾತ್ರಿಯ ಸಂವಾದವನ್ನೇ ಕೇಂದ್ರವಾಗಿಟ್ಟುಕೊಂಡ ಸಂಸ್ಕೃತಿ ಹೆಣ್ಣುಮಕ್ಕಳನ್ನು ಸದ್ದಿಲ್ಲದೆ ಹೊರಗಿಡುತ್ತದೆಂಬುದನ್ನು ನಮ್ಮ ಮಾರ್ಗದರ್ಶಕರು ಗಮನದಲ್ಲಿಡಬೇಕು. ಎಲ್ಲರೂ ಓದಬಲ್ಲ ಪತ್ರಪಟ್ಟಿಯಲ್ಲಿ ಹಗಲು ಬರೆದ ಪ್ರಶ್ನೆಗೆ ಹಗಲೇ ಉತ್ತರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಆಗಸ್ಟ್ ಕಳೆದ ಮೇಲೆ ಏನಾಗುತ್ತದೆ? ಕನ್ನಡದ ದೃಷ್ಟಿಯಿಂದ ಇದೇ ಮುಖ್ಯ ಪ್ರಶ್ನೆ. ಹನ್ನೆರಡು ವಾರದಲ್ಲಿ ಬರೆದ ತಂತ್ರಾಂಶ ಮುಖ್ಯ ಆವೃತ್ತಿಗೆ ಸೇರದೆ ಉಳಿದರೆ, ಎರಡು ವರ್ಷಗಳಲ್ಲಿ ಸುತ್ತಲಿನ ವ್ಯವಸ್ಥೆ ಬದಲಾಗಿ ಅದು ಚಾಲನೆಗೇ ಬರುವುದಿಲ್ಲ. ವಿದ್ಯಾರ್ಥಿ ಅಂತಿಮ ವರ್ಷಕ್ಕೆ, ಬಳಿಕ ಉದ್ಯೋಗಕ್ಕೆ ಹೋಗುತ್ತಾನೆ. ಅವನ ಬಯೋಡೇಟಾದಲ್ಲಿ ಒಂದು ಸಾಲು ಉಳಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹತ್ತರಲ್ಲಿ ಒಬ್ಬನಾದರೂ ಸೆಪ್ಟೆಂಬರಿನಲ್ಲಿ ಹಣವಿಲ್ಲದೆಯೂ ಒಂದು ದೋಷವನ್ನು ಸರಿಪಡಿಸಿದರೆ, ಮರುವರ್ಷ ತಾನೇ ಒಬ್ಬ ಹೊಸಬನ ಪ್ಯಾಚನ್ನು ಓದಿ ಉತ್ತರಿಸಿದರೆ, ಆ ಸಂಸ್ಥೆಗೆ ಒಬ್ಬ ಮಾರ್ಗದರ್ಶಕ ಹೆಚ್ಚಿದಂತೆ. ಕನ್ನಡದ ಅಕ್ಷರವಿನ್ಯಾಸ, ಕೀಲಿಮಣೆ, ಪದಪರೀಕ್ಷೆ ಇವನ್ನು ನೋಡಿಕೊಳ್ಳುವವರ ಸಂಖ್ಯೆ ಬೆರಳೆಣಿಕೆಯದಾಗಿರುವಾಗ ಆ ಒಬ್ಬನ ಬೆಲೆ ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು. ದುರದೃಷ್ಟವಶಾತ್ ಮೌಲ್ಯಮಾಪನದ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲ. ಅದು ಆಗಸ್ಟಿನಲ್ಲಿಯೇ ಮುಚ್ಚಿಹೋಗಿರುತ್ತದೆ.

ಗ್ರಂಥಾಲಯಗಳ ಗಮನಕ್ಕೆ ತರಬೇಕಾದ ಸಂಗತಿಯೂ ಒಂದಿದೆ. ಈ ಎರಡು ದಶಕಗಳ ಬೋಧನೆಯ ದಾಖಲೆ ಪಠ್ಯಪುಸ್ತಕದಲ್ಲಿಲ್ಲ, ಪರಿಶೀಲನೆಯ ಟಿಪ್ಪಣಿಗಳಲ್ಲಿದೆ. ಪತ್ರಪಟ್ಟಿಗಳ ಸಂಚಯ ಬಹುಮಟ್ಟಿಗೆ ಉಳಿದಿದೆ. ತತ್‌ಕ್ಷಣದ ಸಂವಾದಗಳು ಹೆಚ್ಚಿನವು ದಾಖಲಾಗಲೇ ಇಲ್ಲ. 2021ರಲ್ಲಿ ‘ಫ್ರೀನೋಡ್’ ಎಂಬ ಸಂವಾದ ಜಾಲ ಕುಸಿದಾಗ ಸಮುದಾಯಗಳು ಚದುರಿಹೋದವು. ವಿದ್ಯಾರ್ಥಿಗಳ ಕೆಲಸದ ಪ್ರತಿಗಳಿದ್ದ ‘ಗೂಗಲ್ ಕೋಡ್’ ತಾಣವು 2016ರ ಜನವರಿಯಲ್ಲಿ ಮುಚ್ಚಿ, ಓದಲು ಮಾತ್ರ ದೊರೆಯುವ ಸಂಚಯವಾಯಿತು. ಕಾರ್ಯಕ್ರಮವನ್ನು ನಡೆಸುತ್ತಿದ್ದ ‘ಮೆಲಾಂಜ್’ ಎಂಬ ಹಳೆಯ ವ್ಯವಸ್ಥೆಯನ್ನು 2015ರ ನಂತರ ಕೈಬಿಡಲಾಯಿತು. ಅರ್ಕಾವೊತ್ತಿನ ಜೋಡಕ ಚಿಹ್ನೆಯನ್ನು ಏಕೆ ಅಳಿಸಬಾರದೆಂದು ಯಾರೋ ಒಬ್ಬರು ಯಾರೋ ಒಬ್ಬ ವಿದ್ಯಾರ್ಥಿಗೆ ಅರ್ಧರಾತ್ರಿಯಲ್ಲಿ ವಿವರಿಸಿದ ಮಾತು ಎಲ್ಲಿಯೂ ಉಳಿದಿಲ್ಲದಿದ್ದರೆ, ಮುಂದಿನ ಬೇಸಿಗೆಯ ವಿದ್ಯಾರ್ಥಿ ಅದನ್ನು ಮತ್ತೆ ಅಳಿಸುತ್ತಾನೆ. ಕನ್ನಡಕ್ಕೆ ಸಂಬಂಧಿಸಿದ ಇಂಥ ಟಿಪ್ಪಣಿಗಳನ್ನು, ಅವು ಇಂಗ್ಲಿಷಿನಲ್ಲಿಯೇ ಇರಲಿ, ಭಾಷಾ ಸಾಮಗ್ರಿಯೆಂದು ಪರಿಗಣಿಸಿ ಸಂಗ್ರಹಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ವಿಭಾಗಗಳು ಗಣಕ ವಿಭಾಗಗಳೊಡನೆ ಕೂಡಿ ಕೈಗೆತ್ತಿಕೊಳ್ಳಬಹುದಾಗಿದೆ. ಅದಕ್ಕೆ ಬೇಕಾಗುವುದು ಒಬ್ಬ ಸಂಶೋಧನಾ ಸಹಾಯಕ, ಒಂದು ಸಾಧಾರಣ ಗಣಕ, ಮತ್ತು ಆ ಸಹಾಯಕನಿಗೊಂದು ಶಿಷ್ಯವೇತನ.